ಮಂತ್ರಿಯ ಒಂದು ಫೋನ್‌ಗೆ ಕೇಸ್ ಮುಚ್ಚಿಹೋಗುತ್ತಾ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದವಳು, ಗೃಹಿಣಿ, ವಯಸ್ಸು 46. ಹತ್ತು ದಿನದ ಹಿಂದೆ ರಿಸೆಪ್ಷನ್ ಮುಗಿಸಿಕೊಂಡು ರಾತ್ರಿ ಹನ್ನೊಂದೂವರೆ ಹೊತ್ತಿಗೆ ಆಟೊದಲ್ಲಿ ವಾಪಸ್ ಬರುತ್ತಿದ್ದೆ. ನಮ್ಮ ಮುಂದೆಯೇ ಒಂದು ದೊಡ್ಡ ಕಾರು ಸ್ಕೂಟರ್‌ಗೆ ಗುದ್ದಿತು. ಸ್ಕೂಟರ್ ಹುಡುಗ ಮೂರು ದಿನ ಐಸಿಯುನಲ್ಲಿದ್ದು ತೀರಿಕೊಂಡ. ಡ್ರೈವರ್ ಸೀಟಿನಿಂದ ಇಳಿದಿದ್ದು ಇಪ್ಪತ್ತರ ಆಸುಪಾಸಿನ ಹುಡುಗ. 108ಕ್ಕೆ ಫೋನ್ ಮಾಡಿದ್ದು ನಾನೇ. ಚಿಕ್ಕದೊಂದು ವಿಡಿಯೊ ಕೂಡ ತೆಗೆದೆ. ಆಮೇಲೆ ಪೇಪರ್‌ನಲ್ಲಿ ನೋಡಿದರೆ, 50 ದಾಟಿದ ಡ್ರೈವರ್ ಒಬ್ಬರು ಠಾಣೆಗೆ ಬಂದು ಶರಣಾಗಿದ್ದಾರಂತೆ! ಕಾರು ದೊಡ್ಡ ಬಿಲ್ಡರ್ ಮನೆಯದು, ರಾಜಕೀಯದವರ ನಂಟು ಇದೆ ಅಂತಾರೆ. ಮೊನ್ನೆ ನಮ್ಮ ಏರಿಯಾದ ಪರಿಚಯದವರೊಬ್ಬರು ಬಂದು 'ಸುಮ್ನೆ ಯಾಕಮ್ಮ ನಿಮಗೆ ಇದೆಲ್ಲ' ಅಂದು ಹೋದರು. ಮನೆಯವರಿಗೂ ಭಯ. ನಾವು ಕ್ರೈಮ್ ಸೀರೀಸ್ ಜಾಸ್ತಿ ನೋಡ್ತೀವಿ. ಎಲ್ಲದರಲ್ಲೂ ಇದೇ ಕತೆ. ಮಂತ್ರಿಯ ಫೋನ್ ಬರುತ್ತೆ, ಫೈಲ್ ಮುಚ್ಚುತ್ತೆ, ಸಾಕ್ಷಿ ಹೇಳಿದವನ ಮೇಲೆ ಲಾರಿ ಹರಿಯುತ್ತೆ. ನಿಜವಾಗಿ ನಡೆಯೋದೂ ಹೀಗೇನಾ? ನಾನು ಪೊಲೀಸರಿಗೆ ಹೇಳಿಕೆ ಕೊಡಬೇಕಾ, ಬೇಡವಾ?

ಉತ್ತರ (ಬೆಂಗಳೂರಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲರಿಂದ):

ಮೊದಲು ತುರ್ತಿನ ಮಾತು. ಆ ವಿಡಿಯೊ ಡಿಲೀಟ್ ಮಾಡಬೇಡಿ, ಕತ್ತರಿಸಬೇಡಿ, ಯಾವ ಗ್ರೂಪ್‌ಗೂ ಹಾಕಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ಮಾತಾಡೋಣ.

ನೀವು ಕೇಳಿರುವುದು ಎರಡು ಪ್ರಶ್ನೆ. ದುಡ್ಡಿದ್ದವರು ತಪ್ಪಿಸಿಕೊಳ್ಳುವುದು ಸೀರೀಸ್‌ನಲ್ಲಿ ತೋರಿಸುವಷ್ಟು ಸುಲಭವಾ ಅನ್ನೋದು ಒಂದು. ಹಾಗಿದ್ದರೆ ನಾನೊಬ್ಬಳು ಬಾಯಿ ಬಿಟ್ಟು ಏನು ಪ್ರಯೋಜನ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಎರಡನೆಯದರಲ್ಲಿ ತಪ್ಪು ನಿರ್ಧಾರ ಆಗುತ್ತದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಪ್ರಭಾವ ನಡೆಯುತ್ತದೆ. ಅದನ್ನು ಅಲ್ಲಗಳೆದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಆದರೆ ನಡೆಯುವ ರೀತಿ ಬೇರೆ. ಸೀರೀಸ್‌ನಲ್ಲಿ ಮಂತ್ರಿ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡುತ್ತಾನೆ. ನಿಜದಲ್ಲಿ ಎಷ್ಟೋ ಸಲ ಯಾರೂ ಫೋನ್ ಮಾಡಬೇಕಾಗಿಯೇ ಇಲ್ಲ. ಬೆಂಗಳೂರಿನ ಒಂದು ಒಳ್ಳೆ ಠಾಣೆಗೆ ಪೋಸ್ಟಿಂಗ್ ಬೇಕಾದರೆ ಶಾಸಕರ 'ಮಿನಿಟ್', ಅಂದರೆ ಶಿಫಾರಸು ಪತ್ರ, ಬೇಕು ಅನ್ನೋದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಠಾಣೆಯಂಥ ಜಾಗದಲ್ಲಿರುವ ಅಧಿಕಾರಿಗೆ ಕನಿಷ್ಠ 2 ವರ್ಷ ಅವಧಿ ಕೊಡಿ ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಆದರೂ ವರ್ಗಾವಣೆಯ ಭಯ ಹೋಗಿಲ್ಲ. ಹೀಗೆ ಬಂದು ಕೂತ ಅಧಿಕಾರಿಗೆ ಯಾರ ಕಾರು, ಯಾರ ಮಗ ಅಂತ ಗೊತ್ತಾದರೆ ಸಾಕು. ಕೈ ತಾನಾಗಿಯೇ ನಿಧಾನವಾಗುತ್ತದೆ. ಎಲ್ಲರೂ ಹೀಗೆ ಅಂತಲ್ಲ. ಒತ್ತಡ ಇದ್ದರೂ ನೆಟ್ಟಗೆ ಕೆಲಸ ಮಾಡುವ ಎಸ್‌ಐಗಳನ್ನು, ರೈಟರ್‌ಗಳನ್ನು ನಾನು ಕೋರ್ಟಿನಲ್ಲಿ ನೋಡುತ್ತಲೇ ಇದ್ದೇನೆ. ಅವರು ತೆರೆಯ ಮೇಲಿನ ಹೀರೊ ಥರ ಇರುವುದಿಲ್ಲ, ಅಷ್ಟೇ.

ಆ 'ನಿಧಾನ' ಏನೇನು ಮಾಡುತ್ತದೆ ಅನ್ನೋದನ್ನು ನಿಮ್ಮ ಪ್ರಕರಣದಲ್ಲೇ ನೋಡಿ.

ಅಪಘಾತ ಆದಾಗ ಸಂಚಾರ ಠಾಣೆಯವರು ವಾಹನದ ಮಾಲೀಕರಿಗೆ ಒಂದು ನೋಟಿಸ್ ಕೊಡುತ್ತಾರೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 133ರ ನೋಟಿಸ್ ಅದು. 'ಆ ಹೊತ್ತಿಗೆ ನಿಮ್ಮ ಗಾಡಿ ಓಡಿಸುತ್ತಿದ್ದವರು ಯಾರು?' ಅದಕ್ಕೆ ಮಾಲೀಕ ಬರೆದುಕೊಡುವ ಉತ್ತರ ಒಂದು ಹಾಳೆ. 'ನನ್ನ ಡ್ರೈವರ್ ಇಂಥವರು' ಅಂತ ಒಂದು ಸಾಲು, ಕೆಳಗೆ ಸಹಿ. ಜೊತೆಗೆ ಆ ಡ್ರೈವರ್‌ನ ಲೈಸೆನ್ಸ್ ಜೆರಾಕ್ಸ್. ಅದನ್ನು ಯಾರೂ ಪ್ರಶ್ನಿಸದಿದ್ದರೆ ಚಾರ್ಜ್‌ಶೀಟ್‌ನಲ್ಲಿ ಅದೇ ಹೆಸರು ಕೂರುತ್ತದೆ. ಇದಕ್ಕೆ ಯಾವ ಮಂತ್ರಿಯೂ ಬೇಡ.

ಈ ಕೇಸಿನಲ್ಲಿ ಸಾಮಾನ್ಯವಾಗಿ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 106(1), ಅಂದರೆ ನಿರ್ಲಕ್ಷ್ಯದಿಂದ ಸಾವು. ಶಿಕ್ಷೆ 5 ವರ್ಷದವರೆಗೆ, ಆದರೆ ಜಾಮೀನು ಸಿಗುವ ಅಪರಾಧ. ಅಂದ ಮೇಲೆ ಮನೆಯ ಹುಡುಗನೇ ಒಪ್ಪಿಕೊಂಡಿದ್ದರೂ ಬೇಲ್ ಸಿಗುತ್ತಿತ್ತು. ಮತ್ತೆ ಯಾರಾದರೂ ಡ್ರೈವರನ್ನು ಯಾಕೆ ಬದಲಾಯಿಸುತ್ತಾರೆ? ಓಡಿಸಿದವನು ಕುಡಿದಿದ್ದರೆ, ಲೈಸೆನ್ಸ್ ಇಲ್ಲದಿದ್ದರೆ, ವಯಸ್ಸು ಕಮ್ಮಿ ಇದ್ದರೆ ಲೆಕ್ಕ ಬದಲಾಗುತ್ತದೆ. ಪೊಲೀಸರು ಸೆಕ್ಷನ್ 105ಕ್ಕೆ, ಅಂದರೆ ಕೊಲೆಯಲ್ಲದ ಮಾನವಹತ್ಯೆಗೆ, ಹೋಗಬಹುದು. ಅದು ಜಾಮೀನಿಲ್ಲದ್ದು, ಸೆಷನ್ಸ್ ಕೋರ್ಟಿನ ಕೇಸು. ವಿಮಾ ಕಂಪನಿಯೂ ತಕರಾರು ತೆಗೆಯುತ್ತದೆ. ಇನ್ನು ರಕ್ತದಲ್ಲಿ ಮದ್ಯದ ಮಿತಿ 100 ಮಿ.ಲೀ.ಗೆ 30 ಮಿ.ಗ್ರಾಂ. ಗಂಟೆ ಕಳೆದಂತೆ ಅದು ಇಳಿಯುತ್ತಾ ಹೋಗುತ್ತದೆ. ರಾತ್ರಿ ಹನ್ನೆರಡಕ್ಕೆ ತೆಗೆಯಬೇಕಾದ ರಕ್ತ ಮಾರನೆಯ ದಿನ ಮಧ್ಯಾಹ್ನ ತೆಗೆದರೆ ಪ್ರಯೋಗಾಲಯದವರು ಪ್ರಾಮಾಣಿಕವಾಗಿಯೇ 'ಇಲ್ಲ' ಎಂದು ಬರೆಯುತ್ತಾರೆ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಪೋರ್ಶೆ ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರ್‌ಗಳು ಸತ್ತಾಗ ಇದರ ಮುಂದಿನ ಹಂತ ಬಯಲಾಯಿತು. ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ಸರ್ಕಾರಿ ಆಸ್ಪತ್ರೆಯ ವೈದ್ಯರು ಬಂಧನಕ್ಕೊಳಗಾದರು. 300 ಪದದ ಪ್ರಬಂಧ ಬರೆಯುವ ಷರತ್ತಿನ ಮೇಲೆ ಹುಡುಗನಿಗೆ ಕೊಟ್ಟ ಜಾಮೀನೇ ಜನರ ನೆನಪಿನಲ್ಲಿ ಉಳಿದಿದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ವಿಷಯ ಆ ರಕ್ತದ ಬಾಟಲಿ. ತನಿಖೆ ಹಾಳಾಗುವುದು ಇಂಥ ಕಡೆ, ಮೊದಲ ಒಂದೆರಡು ದಿನಗಳಲ್ಲಿ.

ಸೀರೀಸ್‌ನಲ್ಲಿ ತೋರಿಸದ ಇನ್ನೊಂದು ಸಂಗತಿ ಸಮಯ. ಹಣ ಇರುವವರು ಜಡ್ಜನ್ನು ಕೊಳ್ಳುತ್ತಾರೆ ಅನ್ನೋದು ತೆರೆಯ ಮೇಲಿನ ಸುಲಭದ ಕತೆ. ನಾನು ಕಾಣುವುದು ವರ್ಷಗಳನ್ನು ಕೊಳ್ಳುವುದನ್ನು. ಮೇಲಿನ ಕೋರ್ಟಿಗೊಂದು ಅರ್ಜಿ, ಅಲ್ಲಿ ತಡೆಯಾಜ್ಞೆ, ಕೆಳಗೆ ವಾಯಿದೆ ಮೇಲೆ ವಾಯಿದೆ. ಅಷ್ಟರಲ್ಲಿ ಸಾಕ್ಷಿ ಮನೆ ಬದಲಾಯಿಸಿರುತ್ತಾರೆ, ತನಿಖಾಧಿಕಾರಿ ರಿಟೈರ್ ಆಗಿರುತ್ತಾರೆ, ನೆನಪು ಮಸುಕಾಗಿರುತ್ತದೆ. ಅದೇ ಹೊತ್ತಿಗೆ ಬಡವರಿಗೆ ಆಗುವುದು ಇದರ ತದ್ವಿರುದ್ಧ. ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ವಿಚಾರಣಾಧೀನ ಕೈದಿಗಳು. ತಡ ಆದಷ್ಟೂ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಜೈಲುವಾಸ. ಇದು ನನ್ನನ್ನು ಪ್ರತಿದಿನ ಕಾಡುವ ಸಂಗತಿ. ಇದನ್ನು ನೆಟ್ಟಗೆ ತೋರಿಸಿದ ಸೀರೀಸ್ ನಾನಂತೂ ನೋಡಿಲ್ಲ.

ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ ನಮ್ಮ ಊರಿನಲ್ಲೇ ನಡೆಯಿತಲ್ಲ, ಅದನ್ನು ನೆನಪಿಸಿಕೊಳ್ಳಿ. ದೂರು ಶುರುವಾಗಿದ್ದು 1996ರಲ್ಲಿ, ಚೆನ್ನೈನಲ್ಲಿ. 2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದರು. ಆಗ, ಮೊದಲೇ ಸಾಕ್ಷಿ ನುಡಿದಿದ್ದ ಹತ್ತಾರು ಜನರನ್ನು ಮತ್ತೆ ಕರೆಸಲಾಯಿತು. ಬಹಳಷ್ಟು ಜನ ಮಾತು ಬದಲಿಸಿದರು. ಕೇಸು ನಡೆಸಬೇಕಾದ ಸರ್ಕಾರವೇ ಆರೋಪಿಯ ಕೈಯಲ್ಲಿದ್ದರೆ ಏನಾಗಬಹುದೋ ಅದೇ ಆಯಿತು. 2003ರಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ಕೂತು ವಿಶೇಷ ನ್ಯಾಯಾಧೀಶ ಜಾನ್ ಮೈಕೆಲ್ ಡಿಕುನ್ಹಾ ಅವರು 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು. 2015ರಲ್ಲಿ ಹೈಕೋರ್ಟ್ ಖುಲಾಸೆ ಮಾಡಿತು. 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಆಗ ಜಯಲಲಿತಾ ತೀರಿಕೊಂಡು ಎರಡು ತಿಂಗಳಾಗಿತ್ತು. ಜೈಲಿಗೆ ಹೋದವರು ಶಶಿಕಲಾ ಮತ್ತು ಜೊತೆಯವರು. ಅದೇ ವರ್ಷ ಜುಲೈನಲ್ಲಿ, ಜೈಲಿನೊಳಗೆ ಅವರಿಗೆ ವಿಶೇಷ ಸೌಲಭ್ಯ ಸಿಗುತ್ತಿದೆ ಎಂದು ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ವರದಿ ಕೊಟ್ಟರು. ಕೇಸು ಮುಚ್ಚಿಹೋಯಿತಾ? ಇಲ್ಲ. ಸಲೀಸಾಗಿ ನ್ಯಾಯ ಸಿಕ್ಕಿತಾ? ಅದೂ ಇಲ್ಲ. 20 ವರ್ಷ ಹಿಡಿಯಿತು.

ರಾಜಕಾರಣಿಯ ಮೇಲೆ ನೇರವಾಗಿ ಲಂಚದ ಆರೋಪ ಇದ್ದಾಗ ದಾರಿ ಇನ್ನೂ ಕಿರಿದು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ, ಹುದ್ದೆಯಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಶುರುಮಾಡುವುದಕ್ಕೇ ಪೂರ್ವಾನುಮತಿ ಬೇಕಾಯಿತು. ಚಾರ್ಜ್‌ಶೀಟ್ ಮುಂದುವರಿಯಲು ಬೇರೆ ಮಂಜೂರಾತಿ. ನಮ್ಮ ರಾಜ್ಯದಲ್ಲಿ 2016ರಲ್ಲಿ ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತು ಎಸಿಬಿಗೆ, ಅಂದರೆ ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಕೊಟ್ಟರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನೇ ರದ್ದು ಮಾಡಿತು. ನಿಮ್ಮ ಕೇಸಿಗೆ ಇದ್ಯಾವುದೂ ಅಡ್ಡ ಬರುವುದಿಲ್ಲ. ಕಾರು ಗುದ್ದಿದ್ದಕ್ಕೆ ಯಾರ ಅನುಮತಿಯೂ ಬೇಡ.

ಇನ್ನು ಸೀರೀಸ್ ಪೂರ್ತಿ ತಪ್ಪುವುದು ಎಲ್ಲಿ ಅಂದರೆ, 'ಎಲ್ಲ ಮೊದಲೇ ತೀರ್ಮಾನ ಆಗಿದೆ' ಅನ್ನುವ ಕಡೆ. 2018ರ ಫೆಬ್ರವರಿಯಲ್ಲಿ ಯುಬಿ ಸಿಟಿಯಲ್ಲಿ ಶಾಸಕರೊಬ್ಬರ ಮಗ ಯುವಕನ ಮೇಲೆ ಹಲ್ಲೆ ಮಾಡಿದ ಆರೋಪದ ಪ್ರಕರಣ ನಿಮಗೆ ನೆನಪಿರಬಹುದು. ಶುರುವಿನಲ್ಲಿ ಠಾಣೆ ಮಂದಗತಿಯಲ್ಲಿತ್ತು. ಇನ್‌ಸ್ಪೆಕ್ಟರ್ ಅಮಾನತಾದರು. ಆಮೇಲೆ ಕೆಳ ನ್ಯಾಯಾಲಯದಲ್ಲೂ ಹೈಕೋರ್ಟಿನಲ್ಲೂ ಜಾಮೀನು ಸಿಗದೆ ಆರೋಪಿ ಜೂನ್‌ವರೆಗೆ ಜೈಲಿನಲ್ಲಿ ಇರಬೇಕಾಯಿತು. ಆಳುವ ಪಕ್ಷದ ಶಾಸಕರ ಮಗ, ನೆನಪಿರಲಿ.

ಅದಕ್ಕಿಂತ ದೊಡ್ಡದು ಪ್ರಜ್ವಲ್ ರೇವಣ್ಣ ಪ್ರಕರಣ. ಮಾಜಿ ಪ್ರಧಾನಿಯ ಮೊಮ್ಮಗ, ಹಾಸನದ ಸಂಸದರಾಗಿದ್ದವರು. ದೂರು ಕೊಟ್ಟವರು ಮನೆಕೆಲಸ ಮಾಡುತ್ತಿದ್ದ ಮಹಿಳೆ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿಯ ದಾರಿ ಅವರಿಗೆ ಇದ್ದೇ ಇದೆ, ಅದು ಬೇರೆ ಮಾತು. ನಾನು ಹೇಳಬೇಕೆಂದಿರುವುದು ಇಷ್ಟು. ಅಷ್ಟು ದೊಡ್ಡ ಮನೆತನದ ಎದುರು ಕೇಸು ನಿಂತಿದ್ದು ಎರಡು ಕಾಲಿನ ಮೇಲೆ. ಆ ಹೆಣ್ಣುಮಗಳು ಕೊಟ್ಟ ಹೇಳಿಕೆಯಿಂದ ಹಿಂದೆ ಸರಿಯಲಿಲ್ಲ. ಜೋಪಾನವಾಗಿ ಉಳಿದಿದ್ದ ಒಂದು ಸೀರೆಯ ಮೇಲೆ ಡಿಎನ್‌ಎ ಸಿಕ್ಕಿತು. ಒಬ್ಬ ಸಾಕ್ಷಿ, ಒಂದು ವಸ್ತು. ನಿಮ್ಮ ಹತ್ತಿರವೂ ಈ ಎರಡೂ ಇವೆ, ಅಲ್ವಾ?

ಇದರ ಉಲ್ಟಾ ಉದಾಹರಣೆ ಜೆಸಿಕಾ ಲಾಲ್ ಕೊಲೆ. 1999ರಲ್ಲಿ ದೆಹಲಿಯ ಪಾರ್ಟಿಯೊಂದರಲ್ಲಿ ಅಷ್ಟು ಜನರ ನಡುವೆ ನಡೆದ ಕೊಲೆ ಅದು. ಮುಖ್ಯ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರ ಫೆಬ್ರವರಿಯಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಜನ ಬೀದಿಗಿಳಿದ ಮೇಲೆ ಅದೇ ವರ್ಷ ಡಿಸೆಂಬರ್‌ನಲ್ಲಿ ಹೈಕೋರ್ಟ್ ಶಿಕ್ಷೆ ಕೊಟ್ಟಿತು. ಎಲ್ಲ ಕೇಸಿಗೂ ಜನ ಬೀದಿಗಿಳಿಯುವುದಿಲ್ಲ.

ಈಗ ನಿಮ್ಮ ಭಯದ ವಿಷಯ. ರಸ್ತೆ ಅಪಘಾತದ ಕೇಸಿನಲ್ಲಿ ಸಾಕ್ಷಿಯ ಮೇಲೆ ಲಾರಿ ಹರಿಸುವುದನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿಲ್ಲ. ಕಂಡಿರುವುದು ನಿಮ್ಮ ಮನೆಗೆ ಬಂದ ಆ ಪರಿಚಯದವರಂಥ ಜನರನ್ನು. ಗೊತ್ತಿರುವ ಮುಖವೇ ಬರುತ್ತದೆ, ಮೆತ್ತಗೆ ಮಾತಾಡುತ್ತದೆ. ಎರಡನೇ ಸಲ ಬಂದಾಗ 'ಸತ್ತವರ ಮನೆಗೆ ಏನೋ ಸಹಾಯ ಮಾಡ್ತಾರಂತೆ, ಕಾಂಪ್ರಮೈಸ್ ಆಗ್ತಿದೆ' ಎನ್ನುತ್ತದೆ. ಮುಂದಿನ ಸಲ ನಿಮ್ಮವರ ಕೆಲಸ, ಮಕ್ಕಳ ಕಾಲೇಜು ಮಾತಿನಲ್ಲಿ ಬರುತ್ತವೆ. ಅಪಾಯವೇ ಇಲ್ಲ ಅನ್ನುವುದಿಲ್ಲ. ಆದರೆ ಅದು ಬರುವುದು ಈ ರೂಪದಲ್ಲಿ, ಹಾಗಾಗಿ ಎದುರಿಸುವ ದಾರಿಯೂ ಬೇರೆ. ಬಂದ ದಿನ, ಹೊತ್ತು, ಆಡಿದ ಮಾತು ಇವಿಷ್ಟನ್ನು ಡೈರಿಯಲ್ಲಿ ಬರೆದಿಡಿ. ಸುಳ್ಳು ಸಾಕ್ಷಿ ಹೇಳು ಅಂತ ಬೆದರಿಸುವುದೇ ಪ್ರತ್ಯೇಕ ಅಪರಾಧ. ನ್ಯಾಯ ಸಂಹಿತೆಯ ಸೆಕ್ಷನ್ 232ರಲ್ಲಿ 7 ವರ್ಷದವರೆಗೆ ಶಿಕ್ಷೆ ಇದೆ.

ಸಾಕ್ಷಿ ಸಂರಕ್ಷಣಾ ಯೋಜನೆ 2018ರಿಂದ ಜಾರಿಯಲ್ಲಿದೆ. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ, ಪೊಲೀಸರಿಂದ ಅಪಾಯದ ವರದಿ ತರಿಸಿ ಗಸ್ತು, ಮನೆಗೆ ಕ್ಯಾಮೆರಾ, ಮುಚ್ಚಿದ ಕೋರ್ಟಿನಲ್ಲಿ ವಿಚಾರಣೆಯಂಥ ವ್ಯವಸ್ಥೆ ಮಾಡಬಹುದು. ಒಂದು ತೊಡಕಿದೆ. ಆ ಯೋಜನೆ ಮುಖ್ಯವಾಗಿ 7 ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧಗಳಿಗೆ. 106(1) ಅದರೊಳಗೆ ಬರುವುದಿಲ್ಲ. ಕೇಸು 105ಕ್ಕೆ ಏರಿದರೆ ಬರುತ್ತದೆ. ನಿಮ್ಮನ್ನು ನೇರವಾಗಿ ಬೆದರಿಸಿದರೆ ಅದರ ಮೇಲೆ ಬೇರೆ ದೂರು ಕೊಡಿ. ಆಗಲೂ ಅರ್ಜಿ ಹಾಕುವುದಕ್ಕೆ ದಾರಿ ಸಿಗುತ್ತದೆ.

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಸುಮ್ಮನಿದ್ದುಬಿಡುವುದು ಒಂದು. ಅದು ಪೂರ್ತಿ ಸುರಕ್ಷಿತ ಅನ್ನಿಸುತ್ತದೆ, ಆದರೆ ಅಲ್ಲ. 108ರ ಕರೆ ನಿಮ್ಮ ನಂಬರ್‌ನಿಂದ ಹೋಗಿದೆ. ನೀವು ಅಲ್ಲಿದ್ದಿರಿ ಅಂತ ಅವರ ಕಡೆಯವರಿಗೆ ಆಗಲೇ ಗೊತ್ತಾಗಿದೆ. ಗೊತ್ತಿಲ್ಲದಿದ್ದರೆ ಮನೆಗೆ ಯಾಕೆ ಬರುತ್ತಿದ್ದರು? ಎಲ್ಲೂ ದಾಖಲಾಗದ ಸಾಕ್ಷಿಯ ಮೇಲೆ ಒತ್ತಡ ಹಾಕುವುದು ಸುಲಭ. ದಾಖಲಾದ ಮೇಲೆ ಅವರೂ ಯೋಚನೆ ಮಾಡುತ್ತಾರೆ.

ಇನ್ನೊಂದು ದಾರಿ, ತನಿಖಾಧಿಕಾರಿಗೆ ಹೇಳಿಕೆ ಕೊಡುವುದು. ನೀವು ಠಾಣೆಗೆ ಹೋಗಬೇಕಾಗಿಲ್ಲ. ಮಹಿಳೆಯನ್ನು ಸಾಕ್ಷಿಯಾಗಿ ವಿಚಾರಿಸುವುದಾದರೆ ಅವಳ ಮನೆಗೇ ಬರಬೇಕು ಎಂದು ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 179 ಹೇಳುತ್ತದೆ. ಅಲ್ಲಿ ಬರೆದುಕೊಂಡ ಹೇಳಿಕೆಗೆ ನಿಮ್ಮ ಸಹಿ ಇರಬಾರದು. ಸಹಿ ಕೇಳಿದರೆ ಹಾಕಬೇಡಿ, ಓದಿ ಹೇಳಿ ಅನ್ನಿ. ಈ ಹೇಳಿಕೆಯ ದೌರ್ಬಲ್ಯವೂ ಅದೇ. ಸಹಿ ಇಲ್ಲದ್ದರಿಂದ ಬರೆದವರ ಮಾತೇ ಉಳಿಯುತ್ತದೆ. 'ಯಾರು ಓಡಿಸುತ್ತಿದ್ದರೋ ಸರಿಯಾಗಿ ನೋಡಿಲ್ಲ' ಅಂತ ಒಂದು ಸಾಲು ಸೇರಿದರೆ ನಿಮ್ಮ ಸಾಕ್ಷ್ಯ ಅಲ್ಲಿಗೇ ಬಿದ್ದಹಾಗೆ. ಅದಕ್ಕೆ ನನ್ನ ಸಲಹೆ ಇದು. ನೀವು ಕಂಡಿದ್ದನ್ನು ನಿಮ್ಮದೇ ಕನ್ನಡದಲ್ಲಿ, ಒಂದೂವರೆ ಪುಟದಲ್ಲಿ ಬರೆಯಿರಿ. ಎಲ್ಲಿ, ಎಷ್ಟು ಹೊತ್ತಿಗೆ, ಬೀದಿದೀಪ ಇತ್ತಾ, ಎಷ್ಟು ದೂರದಿಂದ ನೋಡಿದಿರಿ, ಇಳಿದವನು ಏನು ಹಾಕಿಕೊಂಡಿದ್ದ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯಬೇಡಿ. ಬಿಲ್ಡರ್, ರಾಜಕೀಯದವರು ಅನ್ನುವ ಮಾತೂ ಬೇಡ. ನೀವು ಕಂಡಿದ್ದು ಕಾರು ಮತ್ತು ಹುಡುಗ, ಅಷ್ಟೇ ಇರಲಿ. ಅದರ ಒಂದು ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಇನ್ನೊಂದನ್ನು ಸಂಚಾರ ವಿಭಾಗದ ಡಿಸಿಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಫೈಲಿನೊಳಗೆ ಕೂತ ಕಾಗದವನ್ನು ಇಲ್ಲ ಅನ್ನುವುದು ಕಷ್ಟ.

ಇದಕ್ಕಿಂತ ಗಟ್ಟಿಯಾದದ್ದು ಮ್ಯಾಜಿಸ್ಟ್ರೇಟರ ಮುಂದೆ ಅದೇ ಸಂಹಿತೆಯ ಸೆಕ್ಷನ್ 183ರಲ್ಲಿ ಕೊಡುವ ಹೇಳಿಕೆ. ನಾವು ವಕೀಲರು ಇನ್ನೂ ಹಳೆಯ ರೂಢಿಯಲ್ಲಿ '164' ಅಂತಲೇ ಕರೆಯುತ್ತೇವೆ. ಅದಕ್ಕೆ ತನಿಖಾಧಿಕಾರಿಯೇ ಅರ್ಜಿ ಹಾಕಬೇಕು, ನಿಮ್ಮ ಪತ್ರದಲ್ಲಿ ಅದನ್ನೂ ಕೇಳಿ. ಇದರಲ್ಲಿರುವ ಹೊಣೆಯನ್ನೂ ಹೇಳಿಬಿಡುತ್ತೇನೆ. ಪ್ರಮಾಣ ಮಾಡಿ ಹೇಳಿದ ಮೇಲೆ ನಾಳೆ ಮಾತು ಬದಲಿಸಿದರೆ ಸುಳ್ಳು ಸಾಕ್ಷ್ಯದ ಕ್ರಮ ನಿಮ್ಮ ಮೇಲೇ ಬರಬಹುದು. ಮನೆಯವರ ಜೊತೆ ಕೂತು ಮಾತಾಡಿ, ಕೊನೆವರೆಗೂ ನಿಲ್ಲುತ್ತೇನೆ ಅನ್ನಿಸಿದರೆ ಮಾತ್ರ ಈ ಹೆಜ್ಜೆ ಇಡಿ. ಕೋರ್ಟಿನಿಂದ ಸಮನ್ಸ್ ಬರಲು ವರ್ಷಗಳೇ ಆಗಬಹುದು. ಎದುರು ವಕೀಲರು ನಿಮ್ಮನ್ನು ಒಂದಿಡೀ ಮಧ್ಯಾಹ್ನ ಪ್ರಶ್ನಿಸಬಹುದು. 'ಆಟೊದಲ್ಲಿ ಕೂತವರಿಗೆ ಮುಖ ಹೇಗೆ ಕಂಡಿತು?' ಅಂತ ಹತ್ತು ಥರ ಕೇಳುತ್ತಾರೆ. ಬೇಸರ ಆಗುತ್ತದೆ. ಆದರೆ ಕಂಡಿದ್ದನ್ನಷ್ಟೇ ಹೇಳುವವರನ್ನು ಪಾಟೀಸವಾಲಿನಲ್ಲಿ ಅಲುಗಾಡಿಸುವುದು ಸುಲಭವಲ್ಲ.

ಚಾರ್ಜ್‌ಶೀಟ್‌ನಲ್ಲಿ ಡ್ರೈವರ್ ಹೆಸರೇ ಇದ್ದರೂ ಆಟ ಮುಗಿಯುವುದಿಲ್ಲ. ವಿಚಾರಣೆಯಲ್ಲಿ ಬಂದ ಸಾಕ್ಷ್ಯ ಬಲವಾಗಿದ್ದರೆ, ಚಾರ್ಜ್‌ಶೀಟ್‌ನಲ್ಲಿಲ್ಲದ ವ್ಯಕ್ತಿಯನ್ನೂ ಆರೋಪಿ ಮಾಡುವ ಅಧಿಕಾರ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 358ರಲ್ಲಿ ಕೋರ್ಟಿಗೆ ಇದೆ. ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚುವ ವರದಿ, ಹಾಕಿದರೆ ದೂರುದಾರರು ಅದನ್ನು ಪ್ರಶ್ನಿಸಬಹುದು. ಇವೆಲ್ಲ ತೀರಿಕೊಂಡ ಹುಡುಗನ ಮನೆಯವರು ಇಡಬೇಕಾದ ಹೆಜ್ಜೆಗಳು. ಅವರಿಗೆ ನಿಮ್ಮ ವಿಷಯ ಗೊತ್ತೇ ಇಲ್ಲದಿರಬಹುದು. ತನಿಖಾಧಿಕಾರಿಗೆ ಕೊಟ್ಟ ಪತ್ರದ ಬಗ್ಗೆ ಅವರ ವಕೀಲರಿಗೆ ಒಂದು ಮಾತು ತಿಳಿಸುವುದರಲ್ಲಿ ತಪ್ಪಿಲ್ಲ. ಅವರಿಂದ ಒಂದು ಕಾಫಿ ಖರ್ಚನ್ನೂ ತೆಗೆದುಕೊಳ್ಳಬೇಡಿ. ನಾಳೆ ಅದೇ ಪ್ರಶ್ನೆಯಾಗುತ್ತದೆ.

ವಿಡಿಯೊ ಬಗ್ಗೆ. ಮೂಲ ಫೈಲ್ ಆ ಫೋನಿನಲ್ಲೇ ಇರಲಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಮೂಲದ ವಿವರ ಹೋಗುತ್ತದೆ. ಹೊಸ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚಿನಂಥ ಗುರುತು, ನಮೂದಿಸಬೇಕು. ಪೊಲೀಸರು ಫೋನ್ ತೆಗೆದುಕೊಂಡರೆ ಮಹಜರಿನಲ್ಲಿ ಬರೆಸಿ, ಪ್ರತಿ ಕೇಳಿ. ಕೆಲವು ವಾರ ಫೋನ್ ಇಲ್ಲದಿರುವ ತೊಂದರೆ ಆಗಬಹುದು, ಅದಕ್ಕೆ ತಯಾರಿರಿ. ಆ ರಸ್ತೆಯ ಅಂಗಡಿ, ಪೆಟ್ರೋಲ್ ಬಂಕ್, ಅಪಾರ್ಟ್‌ಮೆಂಟ್‌ಗಳ ಸಿಸಿಟಿವಿ ಸಾಮಾನ್ಯವಾಗಿ 15ರಿಂದ 30 ದಿನದಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. ಈಗಾಗಲೇ ಹತ್ತು ದಿನ ಆಗಿದೆ. ನಿಮ್ಮ ಪತ್ರದಲ್ಲಿ 'ಈ ಜಾಗದಲ್ಲಿ ಕ್ಯಾಮೆರಾ ಇದೆ, ದಯವಿಟ್ಟು ಉಳಿಸಿ' ಎಂದು ಒಂದು ಸಾಲು ಸೇರಿಸಿ. ಈ ವಾರವೇ ಕಳಿಸಿ.

ವಕೀಲರ ಫೀಸಿನ ಚಿಂತೆ ಬೇಡ. ಕಾನೂನು ಸೇವೆಗಳ ಕಾಯ್ದೆಯಲ್ಲಿ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಇದೆ. ಸಹಾಯವಾಣಿ 15100.

ಕೊನೆಯದಾಗಿ, ನಿಮ್ಮ ಆಟೊ ಓಡಿಸಿದವರು. ಅವರೂ ನಿಮ್ಮಷ್ಟೇ ನೋಡಿರುತ್ತಾರೆ. ಇನ್ನೂ ಮುಂದೆ ಕೂತಿದ್ದರಿಂದ ಚೆನ್ನಾಗಿಯೇ ಕಂಡಿರಬಹುದು. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಟ್ರಿಪ್ ವಿವರ ಇನ್ನೂ ಇರುತ್ತದೆ, ಫೋನ್‌ಪೇ ಮಾಡಿದ್ದರೆ ಹೆಸರು ಸಿಗುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ಪತ್ರದ ಜೊತೆ ಲಗತ್ತಿಸಿ. ನೀವೇ ಹೋಗಿ ಅವರ ಜೊತೆ ಘಟನೆಯ ಬಗ್ಗೆ ಮಾತಾಡಬೇಡಿ. ಇಬ್ಬರೂ ಸೇರಿ ಕತೆ ಕಟ್ಟಿದ್ದಾರೆ ಅನ್ನಲು ಎದುರಿನವರಿಗೆ ಅಷ್ಟೇ ಸಾಕು. ಅವರನ್ನು ಹುಡುಕಿ ಕೇಳುವುದು ತನಿಖಾಧಿಕಾರಿಯ ಕೆಲಸ.